ಸ್ಕಿನ್, ಥೀಮ್: ಹೊದಿಕೆಯೋ, ವೇಷವೋ, ಸೋಗೋ?

ಬಲ್ಲವರಲ್ಲಿ ಒಂದು ವಿಚಾರಣೆ. ಲಿನಕ್ಸ್ ಡೆಸ್ಕ್‌ಟಾಪಿನ ಅಂದಚೆಂದ ಬದಲಿಸಿಕೊಳ್ಳುವುದು ಹೇಗೆಂದು ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. 'ಸ್ಕಿನ್', 'ಥೀಮ್' ಎರಡೂ ಪುಟಪುಟಕ್ಕೂ ಬರುತ್ತವೆ. ಮಾತಿನಲ್ಲಿ ಎಲ್ಲರೂ 'ಸ್ಕಿನ್ ಹಾಕು', 'ಥೀಮ್ ಚೇಂಜ್ ಮಾಡು' ಎನ್ನುವವರೇ. ನನ್ನದೇನೂ ತಕರಾರಿಲ್ಲ, ಹಾಗೆಯೇ ಉಳಿಸಿಕೊಂಡರೂ ನಡೆದೀತು. ತೊಡಕಿರುವುದು ಮೂರನೆಯದರಲ್ಲಿ: ಒಂದು ಆಪರೇಟಿಂಗ್ ಸಿಸ್ಟಮ್ ಇನ್ನೊಂದರಂತೆ ಕಾಣಲೆಂದೇ ಮಾಡಿದ ಥೀಮಿಗೆ ಏನೆನ್ನಬೇಕು?

ಮೊದಲು ಸ್ಕಿನ್. 'ಚರ್ಮ' ಎಂದರೆ ಚರ್ಮರೋಗದ ಡಾಕ್ಟರು ನೆನಪಾಗುತ್ತಾರೆ. 'ಪೊರೆ' ಕಿವಿಗೆ ಇಂಪು. ಆದರೆ ಹಾವು ಪೊರೆ ಕಳಚುತ್ತದೆಯೇ ಹೊರತು ಬೇರೆ ಹಾವಿನದನ್ನು ತಂದು ಹಾಕಿಕೊಳ್ಳುವುದಿಲ್ಲ! 'ಹೊದಿಕೆ' ನನಗೆ ಒಪ್ಪಿಗೆ. ಹಾಡು ಕೇಳಿಸುವ ಹಳೆಯ ತಂತ್ರಾಂಶ ವಿನ್‌ಆಂಪ್‌ನ ಸ್ಕಿನ್ ಕಡತ ಬರೀ ಒಂದು ಜಿಪ್ ಗಂಟು. ಬಿಚ್ಚಿದರೆ ಗುಂಡಿಗಳು, ಪಟ್ಟಿಗಳು, ಅಂಕಿಗಳ ಚಿತ್ರಗಳು. ಚಿತ್ರ ಬದಲಾದರೂ ಹಾಡು ಹಾಡುವ ಒಳಗಿನ ಯಂತ್ರ ಅದೇ. ಥೀಮ್ ಇದಕ್ಕಿಂತ ದೊಡ್ಡದು. ಲಿನಕ್ಸ್ ಡೆಸ್ಕ್‌ಟಾಪುಗಳಲ್ಲೊಂದಾದ ಕೆಡಿಇಯ 'ಗ್ಲೋಬಲ್ ಥೀಮ್' ಬಣ್ಣ, ಐಕಾನ್, ಕರ್ಸರ್, ಕಿಟಕಿಯ ಚೌಕಟ್ಟು ಎಲ್ಲವನ್ನೂ ಒಟ್ಟಿಗೆ ಬದಲಿಸಬಲ್ಲದು.

ಈಗ ಅಸಲು ಪ್ರಶ್ನೆ. 2001ರಲ್ಲಿ ಆಪಲ್‌ನ ಮ್ಯಾಕ್ ಓಎಸ್ ಎಕ್ಸ್, ಮೈಕ್ರೋಸಾಫ್ಟ್‌ನ ವಿಂಡೋಸ್ ಎಕ್ಸ್‌ಪಿ ಎರಡೂ ಬಂದವು. ಮ್ಯಾಕ್‌ನ 'ಆಕ್ವಾ' ನೋಟ ಎಕ್ಸ್‌ಪಿ ಬಳಸುವ ಎಷ್ಟೋ ಜನರ ಕಣ್ಣು ಕುಕ್ಕಿತು. ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿಯಿಲ್ಲದ ಥೀಮನ್ನು ಎಕ್ಸ್‌ಪಿ ಒಪ್ಪುತ್ತಿರಲಿಲ್ಲವಾದ್ದರಿಂದ ಥೀಮುಗಳನ್ನು ನೋಡಿಕೊಳ್ಳುವ ಯುಎಕ್ಸ್‌ಥೀಮ್ ಡಿಎಲ್‌ಎಲ್ ಎಂಬ ವಿಂಡೋಸ್ ಕಡತವನ್ನೇ ತಿದ್ದಿ ಹಾದಿ ಮಾಡಿಕೊಂಡರು. ಜೊತೆಗೆ ಬೇರೆ ಪುಟ್ಟ ತಂತ್ರಾಂಶಗಳನ್ನೂ ಸೇರಿಸಿಕೊಂಡ ಮೇಲೆ ನೋಡಬೇಕು, ಥೇಟ್ ಮ್ಯಾಕ್: ಎಡ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು ಬಿಲ್ಲೆಗಳು, ಕೆಳಗೆ ಮೌಸ್ ತಾಗಿದೊಡನೆ ಉಬ್ಬುವ ಐಕಾನ್ ಸಾಲು, ಮೇಲೆ ಮೆನುವಿನ ಪಟ್ಟಿ. ತನ್ನ ಚೌಕಟ್ಟನ್ನು ತಾನೇ ಬಿಡಿಸಿಕೊಳ್ಳುವ ಯಾವುದಾದರೊಂದು ತಂತ್ರಾಂಶ ತೆರೆದರೆ ಮುಚ್ಚುವ ಗುಂಡಿ ವಿಂಡೋಸಿನ ರೂಢಿಯಂತೆ ಮತ್ತೆ ಬಲಗಡೆಗೇ. ಇದಕ್ಕಂತೂ ನಮ್ಮಲ್ಲಿ ಸಿದ್ಧ ಮಾತಿದೆ: ಬಣ್ಣ ಬಯಲಾಯಿತು.

'ನಕಲಿ ಥೀಮ್' ಎಂದರೆ ಥೀಮೇ ಖೋಟಾ ಎಂಬರ್ಥ ಬರುತ್ತದೆ. 'ಅನುಕರಣ ಥೀಮ್' ಸರ್ಕಾರಿ ಸುತ್ತೋಲೆಯ ಭಾಷೆ. ಅರ್ಥದ ಮಟ್ಟಿಗೆ 'ಸೋಗು' ಹತ್ತಿರದ್ದು, ಇನ್ನೊಂದರಂತೆ ತೋರಿಸಿಕೊಳ್ಳುವ ಹುನ್ನಾರ ಅದರಲ್ಲೇ ಇದೆ. ಆದರೆ ಬೆನ್ನಿಗೇ 'ಸೋಗಲಾಡಿ' ಬರುತ್ತಾನಲ್ಲ! ಅಂದಕ್ಕೆಂದು ಥೀಮ್ ಹಾಕಿಕೊಂಡವರನ್ನು ಹಾಗೆ ಹಳಿಯುವುದು ಯಾವ ನ್ಯಾಯ? ಉಳಿದದ್ದು 'ವೇಷ'. ಹಾಕುವುದಕ್ಕೂ ಕಳಚುವುದಕ್ಕೂ ಕ್ರಿಯಾಪದ ಹುಡುಕಬೇಕಿಲ್ಲ, ಎರಡೂ ಬಳಕೆಯಲ್ಲಿವೆ. 'ಮ್ಯಾಕ್ ವೇಷ', 'ವಿಂಡೋಸ್ ವೇಷ' ಎಂದರೆ ವಿವರಣೆಯೂ ಬೇಡ. ಸದ್ಯಕ್ಕೆ ನನ್ನ ಒಲವು ಇದರತ್ತಲೇ.

ಕೇಳಬೇಕಾದದ್ದು ಎರಡು. 'ವೇಷಧಾರಿ' ಎಂಬಲ್ಲಿನ ಮೋಸದ ವಾಸನೆ ನಿಮ್ಮ ಕಿವಿಗೆ 'ಮ್ಯಾಕ್ ವೇಷ'ದಲ್ಲೂ ಹತ್ತುತ್ತದೆಯೇ? ಇನ್ನೊಂದು, ಗುಂಡಿಯ ಮೇಲೆ 'ವೇಷ ಹಾಕು' ಎಂದು ಬರೆದರೆ ಆ ಆಜ್ಞೆ ಕಂಪ್ಯೂಟರಿಗೋ, ಬಳಸುವವರಿಗೋ? 'ವೇಷ ತೊಡಿಸು' ಎಂದರೆ ಗೊಂದಲ ಕಳೆಯುತ್ತದೆ ಅನಿಸುತ್ತದೆ, ಆದರೆ 'ಹಾಕು' ಎನ್ನುವಷ್ಟು ಸಲೀಸಾಗಿ ಅದು ಬಾಯಿಗೆ ಬರುವುದಿಲ್ಲ. ನೀವಾದರೆ ಯಾವುದನ್ನು ಇಡುತ್ತಿದ್ದಿರಿ?