1973ರ ಕ್ಯಾಂಪರ್ ವ್ಯಾನ್: ಮರದ ಕೆಲಸ ಮೊದಲೋ, ತಗಡಿನ ಕೆಲಸ ಮೊದಲೋ?

ಡರ್ಬಿಯ ಧಾರವಾಡದವ (ನವೆಂಬರ್)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಡರ್ಬಿಯಲ್ಲಿದ್ದೇನೆ. ಹೋದ ತಿಂಗಳು 1973ರ ಫೋಕ್ಸ್‌ವ್ಯಾಗನ್ ಟೈಪ್ 2 ತಗೊಂಡೆ. ಮುಂದೆ ಒಂದೇ ಅಗಲವಾದ ಬಾಗಿದ ಗಾಜು ಇರುತ್ತಲ್ಲ, ಇಲ್ಲಿನವರು ಬೇ ವಿಂಡೋ ಅಂತಾರೆ, ಅದು. 1600 ಸಿಸಿ, ನೀರಿಲ್ಲದೆ ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಹಿಂದೆ ಇದೆ. ಒಳಗಿನ ಹಾಸಿಗೆ, ಕಪಾಟು, ಪುಟ್ಟ ಸಿಂಕು ಎಲ್ಲ ಡೆವನ್ ಅನ್ನುವ ಹೆಸರಿನಲ್ಲಿ ಸಿಡ್ಮತ್ ಊರಿನಲ್ಲಿ ಕೂರಿಸಿದ್ದು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಆ ಸದ್ದು ಕೇಳಿಯೇ ನಾನು ಮನಸೋತಿದ್ದು.

ಯಾಕೆ ತಗೊಂಡೆ ಅಂದರೆ, ಜೂನ್ ಕೊನೆಗೆ ಅಮ್ಮ ಬರ್ತಾರೆ, ಮೂರು ತಿಂಗಳಿಗೆ. ವಯಸ್ಸು ಎಪ್ಪತ್ತೆರಡು, ಮಂಡಿ ನೋವು ಜಾಸ್ತಿ. ಹೋದ ಸಲ ವೇಲ್ಸ್ ಕಡೆ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಹೋಟೆಲ್ ರೂಮಿನಿಂದ ಕಾಣುತ್ತಿದ್ದದ್ದು ಕಾರ್ ಪಾರ್ಕಿಂಗ್ ಮಾತ್ರ. ಈ ಗಾಡಿಯನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಒಂದೇ ಮಾತು ಹೇಳಿದರು: "ಇದು ನಮ್ಮ ಚಕ್ಕಡಿ ಇದ್ದಂಗೈತಲ್ಲೋ." ಚಿಕ್ಕವರಿದ್ದಾಗ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋಗುತ್ತಿದ್ದರಂತೆ. ರಾತ್ರಿ ಅದರಲ್ಲೇ ಹುಲ್ಲಿನ ಮೇಲೆ ಕೌದಿ ಹಾಸಿ ಮಲಗುವುದು. ಅದನ್ನು ನೂರು ಸಲ ಕೇಳಿದ್ದೇನೆ.

ಈಗ ನನ್ನ ಪ್ರಶ್ನೆಗಳು. ಹಳೆಯ ಪ್ಲೈವುಡ್ ಅಂಚಿನಲ್ಲಿ ಉಬ್ಬಿ ಪದರ ಬಿಟ್ಟಿದೆ. ಎಲ್ಲ ಕಿತ್ತು ಹೊಸದಾಗಿ ನನ್ನ ಲೆಕ್ಕದಲ್ಲೇ ಮಾಡಿಕೊಳ್ಳಲಾ, ಅಥವಾ ಹಳೆಯದನ್ನೇ ಉಳಿಸಲಾ? ಅಮ್ಮನಿಗೆ ಅನುಕೂಲ ಆಗೋ ಹಾಗೆ ಹಾಸಿಗೆಯನ್ನು ತಗ್ಗಿಸೋಕೆ ಆಗುತ್ತಾ? ಇನ್ನೊಂದು, ಜಾರುಬಾಗಿಲಿನ ಕೆಳಗೆ ಉದ್ದಕ್ಕೆ ತಗಡಿನ ಅಂಚು ಇರುತ್ತಲ್ಲ, ಸಿಲ್ ಅಂತಾರೆ, ಅದರ ಮೇಲೆ ಬಣ್ಣ ಎರಡು ಕಡೆ ಗುಳ್ಳೆ ಎದ್ದಿದೆ. ಸ್ವಲ್ಪ ಪುಟ್ಟಿ ಹಾಕಿ ಬಣ್ಣ ಹೊಡೆದರೆ ಈ ವರ್ಷಕ್ಕೆ ನಡೆಯುತ್ತಾ? ಗಾಡಿಯ ಎತ್ತರಕ್ಕೆ ನಮ್ಮ ಗ್ಯಾರೇಜಿನ ಬಾಗಿಲು ಸಾಲಲ್ಲ. ಹೊರಗೆ ಮನೆ ಮುಂದೆ ಟಾರ್ಪಾಲಿನ್ ಕಟ್ಟಿಕೊಂಡೇ ಕೆಲಸ ಆಗಬೇಕು. ಅದಕ್ಕೆ ಚಳಿಗಾಲದಲ್ಲಿ ಮರದ ಕೆಲಸವನ್ನು ಗ್ಯಾರೇಜ್ ಒಳಗೆ ಮುಗಿಸಿ, ತಗಡನ್ನು ಆಮೇಲೆ ನೋಡೋಣ ಅಂದುಕೊಂಡಿದ್ದೇನೆ.

ನೀಲಿ ಬುಲ್ಲಿ, ನ್ಯೂರಂಬರ್ಗ್

ದಯವಿಟ್ಟು ಮರಕ್ಕೆ ಈಗಲೇ ಕೈ ಹಾಕಬೇಡಿ. ನಾನು ಶಿವಮೊಗ್ಗದವಳು. ಇಲ್ಲಿ ಜರ್ಮನಿಯಲ್ಲಿ ನನ್ನ ಗಂಡ ಮತ್ತು ನಾನು 1975ರ ಬುಲ್ಲಿಯನ್ನು ನಾಲ್ಕು ವರ್ಷ ಕೂತು ಸರಿಮಾಡಿದ್ದೇವೆ. ಬುಲ್ಲಿ ಅನ್ನೋದು ಇಲ್ಲಿ ಈ ಗಾಡಿಯ ಮುದ್ದಿನ ಹೆಸರು. ನಾವೂ ಮೊದಲು ಮರದ ಕೆಲಸವನ್ನೇ ಮಾಡಿದೆವು. ಬರ್ಚ್ ಪ್ಲೈವುಡ್, ಹಿತ್ತಾಳೆ ಹಿಡಿಕೆ, ತುಂಬಾ ಚೆನ್ನಾಗಿ ಬಂದಿತ್ತು. ಮುಂದಿನ ವರ್ಷ ನೆಲದ ತಗಡು ಬದಲಿಸಬೇಕಾಗಿ ಬಂತು, ಒಂದೊಂದಾಗಿ ಎಲ್ಲ ಬಿಚ್ಚಿದೆವು. ಮತ್ತೆ ಕೂರಿಸುವಾಗ ಒಂದು ಕಪಾಟೂ ಮೊದಲಿನ ಹಾಗೆ ಕೂರಲಿಲ್ಲ. ವೆಲ್ಡಿಂಗ್ ಆದಮೇಲೆ ಅಳತೆ ಬದಲಾಗುತ್ತೆ, ಕಾಲಿಂಚು ಸಾಕು.

ಸಿಲ್ ಬಗ್ಗೆ. ಹೊರಗೆ ಕಾಣೋದು ಒಂದು ಪದರ ಅಷ್ಟೇ. ಅದರ ಹಿಂದೆ ನಡುವಿನದು, ಅದರ ಹಿಂದೆ ಒಳಗಿನದು, ಒಟ್ಟು ಮೂರು. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಲಾರಿ ಥರ ಅಲ್ಲ. ಬಾಡಿಯೇ ಭಾರ ಹೊರಬೇಕು, ಆ ಭಾರದಲ್ಲಿ ಸಿಲ್‌ಗೆ ದೊಡ್ಡ ಪಾಲು. ಹೊರಗೆ ಎರಡು ಗುಳ್ಳೆ ಕಂಡರೆ ನಡುವಿನ ಪದರ ಬಹುಶಃ ಹೋಗಿರುತ್ತೆ, ಯಾಕಂದರೆ ತುಕ್ಕು ಒಳಗಿನಿಂದ ಹೊರಗೆ ಬರುತ್ತೆ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಎಳೆಯಿರಿ. ಎಲ್ಲಿ ಹಿಡಿತ ಬಿಡುತ್ತೋ ಅಲ್ಲಿ ಹಿಂದಿನವರು ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಆಮೇಲೆ ಹಳೇ ಸ್ಕ್ರೂಡ್ರೈವರ್ ತಗೊಂಡು ಕೆಳಗಿನಿಂದ ಒತ್ತಿ ನೋಡಿ. ಜಾಕಿ ಕೊಡುವ ಜಾಗ, ಮುಂದಿನ ಚಕ್ರದ ಹಿಂಬದಿ, ಕ್ಯಾಬಿನ್ ನೆಲ, ಎಂಜಿನ್ ಗೂಡಿನಲ್ಲಿ ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರ್ ಕೆಳಗಿನ ಮೂಲೆ. ಇಷ್ಟನ್ನೂ ನೋಡದೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಕತ್ತರಿಸಲೇಬೇಕು ಅಂತಾದರೆ ಒಂದು ಸಲಕ್ಕೆ ಒಂದೇ ಕಡೆ. ಮೊದಲು ಜಾರುಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಕಟ್ಟಿ. ಇಲ್ಲದಿದ್ದರೆ ಬಾಡಿ ನಡುವೆ ಜೋತುಬಿದ್ದು ಬಾಗಿಲು ಮುಂದೆಂದೂ ಸರಿಯಾಗಿ ಮುಚ್ಚುವುದಿಲ್ಲ.

ಹಾಸಿಗೆ ತಗ್ಗಿಸೋದು ಆಗಲ್ಲ. ಬೇಸರ ಮಾಡಿಕೊಳ್ಳಬೇಡಿ. ಹಾಸಿಗೆಯ ಹಿಂದಿನ ಅರ್ಧ ಎಂಜಿನ್ ಮೇಲಿನ ತಟ್ಟಿನ ಮೇಲೆ ಬರುತ್ತೆ, ಎತ್ತರವನ್ನು ನಿರ್ಧರಿಸೋದು ಎಂಜಿನ್ನೇ. ಮುಂದಿನ ಅರ್ಧವನ್ನು ಅದರ ಸಮಕ್ಕೆ ತರಲೇಬೇಕು. ಅಮ್ಮನಿಗೆ ಕಷ್ಟ ಆಗೋದು ಮಲಗೋದರಲ್ಲಿ ಇರಲ್ಲ, ಒಳಗೆ ಹತ್ತೋದರಲ್ಲಿ ಇರುತ್ತೆ. ನಮ್ಮ ಅತ್ತೆಗೂ ಹಾಗೇ ಆಗಿತ್ತು. ಬಾಗಿಲ ಹೊರಗೆ ಗಟ್ಟಿಯಾದ ಮೆಟ್ಟಿಲು ಮತ್ತು ಒಳಗೆ ಕೈಗೆ ಸಿಗುವ ಒಂದು ಹಿಡಿಕೆ, ಇವೆರಡರ ಬಗ್ಗೆ ಯೋಚಿಸಿ.

ಹಳೇ ಡೆವನ್ ಸಾಮಾನು ಬಿಸಾಡಬೇಡಿ, ಉಬ್ಬಿದ ಹಲಗೆಯನ್ನೂ ಕೂಡ. ಗಾಡಿಯ ಗೋಡೆ ಎಲ್ಲೂ ನೇರ ಇಲ್ಲ. ಆ ಬಾಗಿಗೆ ತಕ್ಕಂತೆ ಐವತ್ತು ವರ್ಷದ ಹಿಂದೆ ಯಾರೋ ಕತ್ತರಿಸಿ ಕೂರಿಸಿದ್ದಾರೆ. ಅದನ್ನು ಹೊಸ ಪ್ಲೈವುಡ್ ಮೇಲೆ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ದರ್ಜಿ ಹಳೇ ಬ್ಲೌಸ್ ಅಳತೆಗೆ ಇಟ್ಟುಕೊಳ್ಳಲ್ವಾ, ಹಾಗೆ.

ಮಟಾಡೋರ್ ಮಗ, ಮೈಸೂರು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಪ್ಪ ಮಟಾಡೋರ್ ಓಡಿಸುತ್ತಿದ್ದರು, ಬೆಳಿಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ಮದುವೆ ಮನೆ ಸಾಮಾನು. ಅವರು ತೀರಿಕೊಂಡ ಮೇಲೆ ಗಾಡಿ ಮಾರೋಕೆ ಮನಸ್ಸು ಬರಲಿಲ್ಲ. ಈಗ ಅದರಲ್ಲೇ ಎರಡು ಹಾಸಿಗೆ, ಒಂದು ಸ್ಟೌ ಮಾಡಿಕೊಂಡಿದ್ದೇನೆ. ಟಿಂಕರಿಂಗ್ ಕೆಲಸಕ್ಕೇ ಒಂಬತ್ತು ತಿಂಗಳು ಹಿಡಿಯಿತು, ಮರದ ಕೆಲಸ ಮೂರು ವಾರ.

ಒಂದು ವಿಷಯ ಹೇಳಲೇಬೇಕು, ನಿಮ್ಮ ಗಾಡಿಗೂ ನಮ್ಮದಕ್ಕೂ ಹಳೇ ನಂಟಿದೆ. ಜರ್ಮನಿಯ ಹ್ಯಾಂಬರ್ಗ್ ನಗರದ ಹಾರ್ಬರ್ಗ್‌ನಲ್ಲಿ ಟೆಂಪೋ ಅನ್ನುವ ಗಾಡಿಗಳನ್ನು ಮಾಡುತ್ತಿದ್ದರು. 1949ರಲ್ಲಿ ಅವರು ಮಾಡಿದ ಮೊದಲ ಮಟಾಡೋರ್‌ಗೆ ಹಾಕಿದ್ದು ಫೋಕ್ಸ್‌ವ್ಯಾಗನ್‌ನವರ ಬೀಟಲ್ ಕಾರಿನ 25 ಹಾರ್ಸ್‌ಪವರ್ ಎಂಜಿನ್. ಮುಂದಿನ ವರ್ಷ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ತಂದಿತು, ಸ್ವಲ್ಪ ದಿನಕ್ಕೆ ಅವರಿಗೆ ಎಂಜಿನ್ ಕೊಡೋದನ್ನು ನಿಲ್ಲಿಸಿತು. ಅದೇ ಟೆಂಪೋ ಕಂಪನಿಯ ಲೈಸೆನ್ಸ್ ಮೇಲೆ 1958ರಲ್ಲಿ ಬಜಾಜ್ ಟೆಂಪೋ ಶುರುವಾಗಿದ್ದು. ನಾವು ಇವತ್ತಿಗೂ ಯಾವ ಕಂಪನಿಯ ಗಾಡಿ ಕಂಡರೂ ಟೆಂಪೋ ಅಂತೀವಲ್ಲ, ಅದು ಅಲ್ಲಿಂದ ಬಂದ ಹೆಸರು. ಅಪ್ಪ ಇದ್ದಿದ್ದರೆ ಅವರಿಗೆ ಈ ಕಥೆ ತುಂಬಾ ಇಷ್ಟ ಆಗುತ್ತಿತ್ತು.

ಊರಲ್ಲಿ ಇಂಥ ಕೆಲಸ ಮಾಡೋರು ಗಮನಿಸಿ: ಇಲ್ಲಿ ಬಾಡಿ ಬದಲಿಸುವ ಮುಂಚೆಯೇ ಆರ್‌ಟಿಓ ಅನುಮತಿ ಬೇಕು. ಮಾಡಿಬಿಟ್ಟು ಆಮೇಲೆ ಕೇಳಿದರೆ ಕಷ್ಟ.

ಕೊವೆಂಟ್ರಿ ಕಾರ್ಬುರೇಟರ್

ಯಾರೂ ಬೆಂಕಿ ವಿಷಯ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಗಾಡಿಗಳು ಬೆಂಕಿಗೆ ಆಹುತಿಯಾಗೋದು ಹೊಸದಲ್ಲ. ಪೆಟ್ರೋಲ್ ಟ್ಯಾಂಕ್ ಇರೋದು ಎಂಜಿನ್‌ಗೆ ಅಂಟಿಕೊಂಡೇ, ನಡುವೆ ಒಂದು ತಗಡಿನ ಗೋಡೆ ಅಷ್ಟೇ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್‌ನಲ್ಲಿ ಹತ್ತು ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತೆ, ಹಳೇ ರಬ್ಬರ್ ಪೈಪ್ ಅದಕ್ಕೆ ತಡೆಯಲ್ಲ. ಈ ವಾರವೇ ಎಲ್ಲ ಪೈಪ್ ಬದಲಿಸಿ, ಆರ್9 ಅಂತ ಅಚ್ಚಾಗಿರೋದನ್ನೇ ಕೇಳಿ ತಗೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಸೀಟಿನ ಪಕ್ಕ ಇರಲಿ.

ಎಂಜಿನ್ ಗೂಡಿನ ಸುತ್ತ ಒಂದು ರಬ್ಬರ್ ಅಂಚು ಇರುತ್ತೆ. ಅದು ಹರಿದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತೆ, ಎಂಜಿನ್ ಬೇಯುತ್ತೆ. ಹಿಂದಿನ ಕಿಟಕಿಯ ಪಕ್ಕದ ಕಿವಿಗಳಿಂದ ಗಾಳಿ ಇಳಿದು ಬರುವ ಜಾಗಕ್ಕೆ ಚಳಿ ತಡೆಯುವ ಉಣ್ಣೆ, ಸ್ಪಂಜು ಏನನ್ನೂ ತುಂಬಬೇಡಿ.

ಒಳಗೆ ಅಡುಗೆ ಮಾಡ್ತೀರಿ ಅಲ್ವಾ? ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತೆ. ಅದಕ್ಕೆ ನೆಲದಲ್ಲೇ ಹೊರಗೆ ಹೋಗೋಕೆ ತೂತು ಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕೇಬೇಕು. ಗಾಡಿಗೆ ನಲವತ್ತು ವರ್ಷ ದಾಟಿರೋದರಿಂದ ನಿಮಗೆ ರೋಡ್ ಟ್ಯಾಕ್ಸ್ ಇಲ್ಲ, ದೊಡ್ಡ ಬದಲಾವಣೆ ಮಾಡಿರದಿದ್ದರೆ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೋ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆಯೂ ಕಡ್ಡಾಯ ಅಲ್ಲ. ಆದರೂ ನೀವೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ. ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಡರ್ಬಿಯ ಧಾರವಾಡದವ (ಜನವರಿ)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಅಯಸ್ಕಾಂತ ಎಳೆದೆ. ಎಡಗಡೆ, ಅಂದರೆ ಜಾರುಬಾಗಿಲಿನ ಕಡೆ, ಎರಡೂವರೆ ಅಡಿ ಉದ್ದಕ್ಕೆ ಅದು ಎಲ್ಲೂ ಹಿಡಿಯಲೇ ಇಲ್ಲ.

ಗ್ರೈಂಡರ್ ಹಿಡಿದು ಬಣ್ಣ ತೆಗೆದೆ. ಮೊದಲು ನೀಲಿ, ಅದರ ಕೆಳಗೆ ಬೇರೆ ನೀಲಿ, ಅದರ ಕೆಳಗೆ ಬೂದು ಪುಟ್ಟಿ, ಬೆರಳಿನಷ್ಟು ದಪ್ಪ. ಪುಟ್ಟಿ ಚಕ್ಕೆ ಚಕ್ಕೆಯಾಗಿ ಬಿತ್ತು. ಹಿಂದೆ ಹಳದಿ ಫೋಮ್, ಮನೆ ಕಿಟಕಿ ಸಂದಿಗೆ ತುಂಬುತ್ತಾರಲ್ಲ, ಅದು. ಕೈಯಲ್ಲಿ ಹಿಂಡಿದರೆ ನೀರು ಇಳಿಯಿತು. ಅದನ್ನು ಎಳೆದು ತೆಗೆದ ಮೇಲೆ ನಡುವಿನ ಪದರ ಇರಬೇಕಾದ ಕಡೆ ಕಂದು ಪುಡಿ, ಒಣಗಿದ ನಶ್ಯದ ಹಾಗೆ. ನನಗೆ ಮಾರಿದವರು "ಸಿಲ್ ಎಲ್ಲ ಹೊಸದು" ಅಂತ ಹೇಳಿದ್ದರು. ಆ ಮಾತನ್ನು ನಂಬಿ ಅಮ್ಮನನ್ನು ಅದರ ಮೇಲೆ ಕೂರಿಸಿ ನೂರಾರು ಮೈಲಿ ಓಡಿಸುತ್ತಿದ್ದೆನಲ್ಲ ಅಂತ ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿನ ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿ ಮಿಗ್ ವೆಲ್ಡಿಂಗ್ ಕಲಿಯುತ್ತಿದ್ದೇನೆ. ಮೊದಲ ನಾಲ್ಕು ವಾರ ಬರೀ ತುಂಡು ತಗಡು ಸುಟ್ಟು ತೂತು ಮಾಡಿದ್ದೇ ಆಯಿತು. ಮೇಷ್ಟ್ರು ಹೇಳಿಕೊಟ್ಟದ್ದು: ಉದ್ದಕ್ಕೆ ಎಳೆಯಬೇಡ, ಚುಕ್ಕಿ ಚುಕ್ಕಿ ಹಾಕು, ಒಂದು ಚುಕ್ಕಿ ಇಲ್ಲಿ ಹಾಕಿದರೆ ಮುಂದಿನದು ಅರ್ಧ ಅಡಿ ಆಚೆ, ತಗಡು ಆರಲಿ. ಊರಲ್ಲಿ ಅಮ್ಮ ರಂಗೋಲಿಗೆ ಮೊದಲು ಚುಕ್ಕಿ ಇಟ್ಟುಕೊಂಡು ಹೋಗ್ತಿದ್ದ ಹಾಗೆ ಕೈ ಸಾಗಬೇಕು. ಅದು ಹೊಳೆದ ಮೇಲೆ ಕೈ ಸ್ವಲ್ಪ ಹದಕ್ಕೆ ಬಂತು.

ನೀಲಿ ಬುಲ್ಲಿ, ನ್ಯೂರಂಬರ್ಗ್

ಗಾಡಿಯ ಮೇಲೆ ವೆಲ್ಡಿಂಗ್ ಶುರು ಮಾಡುವ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ಎರಡರ ತಂತಿಯನ್ನೂ ಬಿಚ್ಚಿಡಿ. ತಗಡು ತಗಡು ಸೇರುವ ಜಾಗಕ್ಕೆ ಜಿಂಕ್ ಪ್ರೈಮರ್, ಆಮೇಲೆ ಸಂದಿಗೆ ಸೀಲರ್, ಬಣ್ಣ ಎಲ್ಲ ಮುಗಿದ ಮೇಲೆ ಸಿಲ್ ಒಳಗೆ ಮೇಣ ಸಿಂಪಡಿಸಿ. ಕೆಳಗಿರುವ ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಇನ್ನೊಂದು ಕೇಳೋದಿತ್ತು. ನಿಮಗೆ ಮಕ್ಕಳಿದ್ದಾರಾ? ಹಾಸಿಗೆಯೇ ಸೀಟೂ ಆಗುತ್ತಲ್ಲ, ಅದಕ್ಕೆ ಬೆಲ್ಟ್ ಬೇಕಾದರೆ ಮರದ ಚೌಕಟ್ಟಿಗೆ ಯಾವ ಕಾರಣಕ್ಕೂ ಬಿಗಿಯಬೇಡಿ. ಪರೀಕ್ಷೆಯಾದ ಕಬ್ಬಿಣದ ಚೌಕಟ್ಟೇ ತಗೊಳ್ಳಿ, ನೆಲದ ಕೆಳಗೆ ಅಗಲವಾದ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ಇದೊಂದರಲ್ಲಿ ಹಳೆಯದನ್ನು ಉಳಿಸುವ ಆಸೆ ಬಿಡಬೇಕು.

ಡರ್ಬಿಯ ಧಾರವಾಡದವ (ಏಪ್ರಿಲ್)

ಅಕ್ಕಾ, ಮಗಳಿಗೆ ಆರು ವರ್ಷ. ಕಬ್ಬಿಣದ ಚೌಕಟ್ಟು ಆರ್ಡರ್ ಮಾಡಿದೆ. ಅದರ ಮುಂಭಾಗಕ್ಕೆ ಹಳೇ ಡೆವನ್ ಹಲಗೆಯ ಗಟ್ಟಿ ಇರುವ ಭಾಗವನ್ನೇ ಹೊದಿಸುತ್ತೇನೆ, ಹೊರಗಿನಿಂದ ಅದೇ ಕಾಣಲಿ.

ಎಡಗಡೆ ಸಿಲ್ ಮುಗಿಯಿತು, ಮೂರೂ ಪದರ. ಅಡ್ಡಪಟ್ಟಿ ಬಿಚ್ಚಿದ ದಿನ ಜಾರುಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿದೆ. ಕೊನೆಯವರೆಗೂ ಜಾರಿ ಹೋಗಿ "ಟಕ್" ಅಂತ ಕೂತಿತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು, ನಾನು ಕೂಗಿದ್ದು ಅಷ್ಟು ಜೋರಾಗಿತ್ತಂತೆ.

ಮೆಟ್ಟಿಲಿನ ಮಾತು. ನನ್ನ ಗಾಡಿಯಲ್ಲಿ ನೆಲದಿಂದ ಒಳಗೆ ಕಾಲಿಡುವ ಜಾಗಕ್ಕೆ ಒಂದೂವರೆ ಅಡಿಗಿಂತ ಜಾಸ್ತಿ ಎತ್ತರ ಇದೆ. ಧಾರವಾಡದ ಮನೆಯಲ್ಲಿ ಅಮ್ಮ ದಿನಕ್ಕೆ ಹತ್ತು ಸಲ ಹತ್ತಿಳಿಯುವ ಕಟ್ಟೆಯ ಮೆಟ್ಟಿಲನ್ನು ತಮ್ಮನಿಂದ ಟೇಪ್ ಹಿಡಿಸಿ ಅಳೆಸಿದೆ. ಆರೂಕಾಲು ಇಂಚು. ಅದೇ ಲೆಕ್ಕದಲ್ಲಿ ಎರಡು ಮೆಟ್ಟಿಲಿನ ಪೆಟ್ಟಿಗೆ ಮಾಡಿದೆ, ಮೇಲೆ ಒರಟು ರಬ್ಬರ್ ಹಾಸು ಅಂಟಿಸಿದ್ದೇನೆ, ಒಳಗೆ ಚಪ್ಪಲಿ ಇಡಬಹುದು. ಬಾಗಿಲ ಪಕ್ಕ ಹಿಡಿಕೆ ಎಷ್ಟು ಎತ್ತರಕ್ಕೆ ಬೇಕು ಅಂತ ಕೇಳಿದರೆ ಅಮ್ಮ ಫೋನಿನಲ್ಲಿ, "ನಾ ಬಂದ ಮ್ಯಾಲೆ ಹಚ್ಚಿಯಂತ, ನನ್ನ ಕೈ ನಾ ತರತೇನಿ" ಅಂದರು. ಅದಕ್ಕೆ ಹಿಡಿಕೆಯನ್ನೂ ನಾಲ್ಕು ಸ್ಕ್ರೂಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮುಂದಿನ ಸೀಟಿನ ಮೇಲೆ ಇಟ್ಟಿದ್ದೇನೆ.

ಶನಿವಾರ ಮಳೆ ಇಲ್ಲ ಅಂತಿದ್ದಾರೆ. ಬಲಗಡೆ ಸಿಲ್ ಕತ್ತರಿಸುತ್ತೇನೆ.