ಬೆಂಗಳೂರು ಬಿಟ್ಟು ಮೈಸೂರೋ, ಹುಬ್ಬಳ್ಳಿ-ಧಾರವಾಡವೋ, ಮಂಗಳೂರೋ: ನಮ್ಮ ಮೂರು ಮನೆಗಳ ಅನುಭವ

ಗಂಡ ಹೆಂಡತಿ ಇಬ್ಬರಿಗೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು, ಮಗಳು ಮುಂದಿನ ವರ್ಷ ಒಂದನೇ ಕ್ಲಾಸು, ಜೊತೆಗೆ ಹೃದಯದ ತೊಂದರೆ ಇರುವ ಮಾವ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಈ ಮೂರರಲ್ಲಿ ಎಲ್ಲಿಗೆ ಹೋದರೆ ಬೆಂಗಳೂರಿನ ಅನುಕೂಲ ಜಾಸ್ತಿ ಸಿಗುತ್ತದೆ ಅಂತ ಕೇಳಿದ್ದೀರಿ. ನಾವು ಬೆಂಗಳೂರಿನಲ್ಲಿ ಸಂಸಾರ ಹೂಡಿ ಆಮೇಲೆ ಧಾರವಾಡಕ್ಕೆ ಬಂದವರು. ನನ್ನ ತಂಗಿ ಮೈಸೂರಿನಲ್ಲಿದ್ದಾಳೆ. ಯಜಮಾನರ ಅಣ್ಣನ ಮನೆ ಮಂಗಳೂರು. ಮೂರೂ ಮನೆಯವರನ್ನು ಕೂರಿಸಿಕೊಂಡು ಕೇಳಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ಮೂರು ಊರುಗಳಲ್ಲಿ ಯಾವುದೂ ಸಣ್ಣ ಬೆಂಗಳೂರು ಅಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಎರಡನೇ ಸ್ಥಾನದಲ್ಲಿದ್ದ ಹುಬ್ಬಳ್ಳಿ-ಧಾರವಾಡದ್ದು ಒಂಬತ್ತೂವರೆ ಲಕ್ಷದ ಹತ್ತಿರ. ಮೈಸೂರಿನದು ಒಂಬತ್ತು ಲಕ್ಷದ ಆಸುಪಾಸು, ಮಂಗಳೂರಿನದು ಐದು ಲಕ್ಷಕ್ಕೂ ಕಡಿಮೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂಬತ್ತು ಪಟ್ಟು ಅಂತರ! ಮಾಲ್, ಕಾಫಿ ಅಂಗಡಿ, ಮನೆಗೆ ಸಾಮಾನು ತಂದುಕೊಡುವ ಆ್ಯಪ್‌ಗಳು ಈಗ ಎಲ್ಲ ಕಡೆ ಇವೆ. ಅದನ್ನು ನೋಡಿ ಹೋಲಿಸಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಬೆಂಗಳೂರಿನಲ್ಲಿ ಮಾತ್ರ ಸಿಗುವುದು ಎರಡನೇ ಕೆಲಸ. ಈ ಕಂಪನಿ ಬೇಡ ಅನಿಸಿದರೆ, ಅಥವಾ ಕಂಪನಿಯೇ ನಿಮ್ಮನ್ನು ಬೇಡ ಅಂದರೆ, ಮನೆ ಬದಲಿಸದೆ, ಮಗಳ ಸ್ಕೂಲು ಬದಲಿಸದೆ ಇನ್ನೊಂದು ಕಡೆ ಸೇರಬಹುದು.

ಈ ಸೌಕರ್ಯ ಒಂದು ಐಟಿ ಪಾರ್ಕ್ ಕಟ್ಟಿದ ಕೂಡಲೇ ಬರುವುದಿಲ್ಲ. ಬೆಂಗಳೂರಿನಲ್ಲಿ 1909ರಲ್ಲೇ ವಿಜ್ಞಾನ ಸಂಸ್ಥೆ ಶುರುವಾಯಿತು. 1940ರಲ್ಲಿ ಎಚ್‌ಎಎಲ್, ಆಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ದೊಡ್ಡ ಕಾರ್ಖಾನೆಗಳು ಬಂದವು. ಇಂಜಿನಿಯರ್‌ಗಳು, ಅವರ ಮಕ್ಕಳು, ಆ ಮಕ್ಕಳಿಗೆ ಕಾಲೇಜುಗಳು ಅಂತ ಒಂದರ ಮೇಲೊಂದು ಪದರ ಬೆಳೆದ ಮೇಲೆ ಸಾಫ್ಟ್‌ವೇರ್ ಬಂತು. ‘ಬಿಯಾಂಡ್ ಬೆಂಗಳೂರು’ ಎಂದು ಸರ್ಕಾರ ಬೇರೆ ಊರುಗಳಿಗೆ ಕಂಪನಿಗಳನ್ನು ಕರೆಯುತ್ತಿದೆ, ಅದು ಒಳ್ಳೆಯದೇ. ಆದರೆ ಇವತ್ತಿನ ಮಟ್ಟಿಗೆ, ಇಬ್ಬರೂ ಇದೇ ಕ್ಷೇತ್ರದಲ್ಲಿದ್ದರೆ ಎರಡು ಸಂಬಳವೂ ಬೆಂಗಳೂರಿನಿಂದಲೇ ಬರುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ನನ್ನ ತಂಗಿಯ ಗಂಡನಿಗೆ ಮೈಸೂರಿನ ಕಂಪನಿಯಲ್ಲೇ ಕೆಲಸ ಇತ್ತು. ಆ ವಿಭಾಗ ಮುಚ್ಚಿದಾಗ ಮೈಸೂರಿನಲ್ಲಿ ಅದೇ ಸಂಬಳದ ಇನ್ನೊಂದು ಜಾಗ ಸಿಗಲೇ ಇಲ್ಲ. ಈಗ ಬೆಂಗಳೂರಿನ ಕಂಪನಿಗೆ ಮೈಸೂರಿನಿಂದ ಕೆಲಸ ಮಾಡುತ್ತಾರೆ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ ನೋಡಿ ಅಲ್ಲಿ ಕೆಲಸ ರಾಶಿ ಇದೆ ಅಂದುಕೊಳ್ಳುವವರು ಬಹಳ. ಅದು ಬಹುಪಾಲು ಹೊಸಬರ ತರಬೇತಿಯ ಜಾಗ, ಹುಡುಗರು ಬರುತ್ತಾರೆ, ಕಲಿತು ಬೇರೆ ಊರಿಗೆ ಹೋಗುತ್ತಾರೆ.

ಹಾಗಾದರೆ ವಾರಕ್ಕೆ ಎರಡು ದಿನ ಆಫೀಸು ಎಂಬ ನಿಮ್ಮ ಮಾತೇ ಇಲ್ಲಿ ಮುಖ್ಯ. ಮೂರರಲ್ಲಿ ಅದು ಹೊಂದುವುದು ಮೈಸೂರಿಗೆ ಮಾತ್ರ. 118 ಕಿಲೋಮೀಟರಿನ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಕಾರಿನಲ್ಲಿ ಮೈಸೂರಿನಿಂದ ಕೆಂಗೇರಿವರೆಗೆ ಸಲೀಸು. (ಬೈಕು, ಆಟೊಗಳಿಗೆ ಮುಖ್ಯ ರಸ್ತೆಯಲ್ಲಿ ಬಿಡುವುದಿಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.) ಆದರೆ ಆಫೀಸು ವೈಟ್‌ಫೀಲ್ಡ್‌ನಲ್ಲಿದ್ದರೆ ನಿಜವಾದ ಪ್ರಯಾಣ ಕೆಂಗೇರಿಯಿಂದ ಶುರುವಾಗುತ್ತದೆ. ಅದಕ್ಕೇ ತಂಗಿಯ ಗಂಡ ಕಾರು ಬಿಟ್ಟು ರೈಲು ಹಿಡಿದರು. ಬೆಳಗಿನ ರೈಲಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಇಳಿದು, ಪಕ್ಕದಲ್ಲೇ ಇರುವ ಮೆಟ್ರೊದ ನೇರಳೆ ಮಾರ್ಗ ಹತ್ತುತ್ತಾರೆ. 2023ರ ಅಕ್ಟೋಬರ್‌ನಿಂದ ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ. ಎಲೆಕ್ಟ್ರಾನಿಕ್ ಸಿಟಿಯವರಾದರೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು, ಆದರೆ ನಡುವೆ ಮೆಟ್ರೊ ಬದಲಿಸಬೇಕು. ಹೊರ ವರ್ತುಲ ರಸ್ತೆಯ ಪಕ್ಕ ಆಫೀಸಾದರೆ ದಯವಿಟ್ಟು ಒಂದು ವಾರ ಹೋಗಿ ಬಂದು ನೋಡಿ, ಆಮೇಲೆ ಮನೆ ಹುಡುಕಿ. ತಂಗಿಯ ಗಂಡ ಎರಡು ದಿನವನ್ನು ಒಟ್ಟಿಗೆ ಇಟ್ಟುಕೊಂಡು, ನಡುವಿನ ರಾತ್ರಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾರೆ. ಆ ಒಂದು ರಾತ್ರಿಗೆ ಜಾಗ ಇಲ್ಲದಿದ್ದರೆ ಈ ಏರ್ಪಾಡು ಬಹಳ ದಿನ ನಡೆಯುತ್ತಿರಲಿಲ್ಲ ಅಂತ ಅವರೇ ಹೇಳುತ್ತಾರೆ. ನೀವಿಬ್ಬರೂ ಹೋಗಬೇಕಾದವರು. ಒಂದೇ ದಿನ ಇಬ್ಬರೂ ಹೋದರೆ ಮನೆಯಲ್ಲಿ ಮಗಳು, ಮಾವ ಇಬ್ಬರೇ ಉಳಿಯುತ್ತಾರೆ. ಬೇರೆ ಬೇರೆ ದಿನ ಹೋದರೆ ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಒಬ್ಬರಿಲ್ಲ. ಇದನ್ನು ಮೊದಲು ಕೂತು ಮಾತಾಡಿಕೊಳ್ಳಿ.

ನಮ್ಮ ಧಾರವಾಡಕ್ಕೆ 2023ರ ಜೂನ್‌ನಲ್ಲಿ ವಂದೇ ಭಾರತ್ ಬಂತು, ಅದಕ್ಕೂ ಮುಂಚೆಯಿಂದ ರಾತ್ರಿ ರೈಲು, ಸ್ಲೀಪರ್ ಬಸ್ಸು ಬೇಕಾದಷ್ಟಿವೆ. ಆದರೂ ನಾನೂರು ಕಿಲೋಮೀಟರ್ ದೂರ. ತಿಂಗಳಿಗೊಮ್ಮೆ ಹೋಗಬಹುದು. ಪ್ರತಿ ವಾರ ಆಗುವುದಿಲ್ಲ. ಮಂಗಳೂರಿನ ಕಥೆ ಇನ್ನೂ ಬೇರೆ, ಅಲ್ಲಿ ಘಟ್ಟ ಅಡ್ಡ ಬರುತ್ತದೆ. ಜೋರು ಮಳೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. 2024ರ ಜುಲೈನಲ್ಲಿ ಯಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲೂ ನಿಂತಿತು. ಆಗ ಉಳಿದದ್ದು ಸುತ್ತು ದಾರಿ, ಇಲ್ಲವೇ ವಿಮಾನ. ಭಾವನವರು ಮಳೆಗಾಲದಲ್ಲಿ ಬೆಂಗಳೂರಿನ ಮುಖ್ಯ ಕೆಲಸ ಇಟ್ಟುಕೊಳ್ಳುವುದೇ ಇಲ್ಲ.

ಮಾವನವರ ವಿಷಯ. ಇದರಲ್ಲಿ ನಾನು ಯಾವ ಊರನ್ನೂ ಬೆಂಗಳೂರಿಗಿಂತ ಕಡಿಮೆ ಅನ್ನುವುದಿಲ್ಲ. ಮಂಗಳೂರಂತೂ ಆಸ್ಪತ್ರೆಗಳ ಊರು. ಕಾಸರಗೋಡಿನವರೂ ಅಲ್ಲಿಗೇ ಬರುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡಿನ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯದ್ದೇ ಆಸ್ಪತ್ರೆ ಇದೆ. ನಿಮ್ಮ ಮಾವ ಈಗ ಬೆಂಗಳೂರಿನ ಜಯದೇವಕ್ಕೆ ತೋರಿಸುತ್ತಿದ್ದರೆ ಇದು ದೊಡ್ಡ ಸಮಾಧಾನ. ನಮ್ಮ ಕಡೆ ಜನ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಇದೆ, ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ. ನಮ್ಮ ಅಪ್ಪನಿಗೆ ರಾತ್ರಿ ಎದೆನೋವು ಬಂದಾಗ ಆಸ್ಪತ್ರೆ ಮುಟ್ಟಲು ಕಾಲು ಗಂಟೆಯೂ ಹಿಡಿಯಲಿಲ್ಲ. ಬೆಂಗಳೂರಿನಲ್ಲಿ ನಾವಿದ್ದ ಬಡಾವಣೆಯಿಂದ ಸಂಜೆ ಹೊತ್ತಿನಲ್ಲಿ ಅಷ್ಟರೊಳಗೆ ಮುಖ್ಯರಸ್ತೆಗೂ ಬರಲಾಗುತ್ತಿರಲಿಲ್ಲ. ಅದನ್ನು ನೆನೆಸಿದರೆ ಈಗಲೂ ಮೈ ನಡುಗುತ್ತದೆ. ತೀರಾ ಅಪರೂಪದ ಕಾಯಿಲೆಗೆ ಮಾತ್ರ ಬೆಂಗಳೂರಿಗೆ ಹೋಗಲೇಬೇಕು. ಹೃದಯದ ವಿಷಯದಲ್ಲಿ ಹತ್ತಿರದ ಆಸ್ಪತ್ರೆಯೇ ದೊಡ್ಡದು.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬೇರೆ ಎಲ್ಲಕ್ಕಿಂತ ಮುಂಚೆ ಅದನ್ನೇ ಕೇಳಬೇಕಿತ್ತು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಮೇಲಕ್ಕೆ ಪಂಪ್ ಮಾಡಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದು ನೀವೂ ನೋಡಿರುತ್ತೀರಿ. ಸಣ್ಣ ಊರಿಗೆ ಹೋದರೆ ಈ ಚಿಂತೆ ತಪ್ಪುತ್ತದೆ ಅಂದುಕೊಂಡರೆ ಕಷ್ಟ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು. ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರಿದೆ, ಹಲವು ಕಡೆ ಎಷ್ಟೋ ದಿನಕ್ಕೊಮ್ಮೆ. ಇಲ್ಲಿ ಮನೆ ನೋಡಲು ಹೋದವರು ಬಾಡಿಗೆಗಿಂತ ಮೊದಲು ‘ನೀರು ಎಷ್ಟ ದಿವಸಕ್ಕೊಮ್ಮೆ ಬರ್ತಾವ್ರಿ?’ ಅಂತ ಕೇಳುತ್ತಾರೆ. ಎರಡನೇ ಪ್ರಶ್ನೆ, ಸಂಪು ಎಷ್ಟು ದೊಡ್ಡದು. ಮಾಲೀಕರ ಉತ್ತರದ ಮೇಲೆ ನಿಲ್ಲಬೇಡಿ, ಪಕ್ಕದ ಮನೆಯವರನ್ನು ಕೇಳಿ. ಮಂಗಳೂರಿನಲ್ಲಿ ಮಳೆಗಾಲದಲ್ಲಿ ನೀರೋ ನೀರು, ಆದರೆ ಊರು ಕುಡಿಯುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2016ರಲ್ಲೂ 2019ರಲ್ಲೂ ಬೇಸಿಗೆಯ ಕೊನೆಗೆ ಅಲ್ಲಿ ಪಡಿತರದಂತೆ ನೀರು ಬಿಟ್ಟರು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಚಿಂತೆ ಕಡಿಮೆ. ವರ್ತುಲ ರಸ್ತೆಯ ಆಚೆಯ ಹೊಸ ಖಾಸಗಿ ಲೇಔಟ್‌ಗಳಲ್ಲಿ ಕಾವೇರಿಯೋ ಕಬಿನಿಯೋ ಬರುತ್ತದೆಯಾ, ಬರೀ ಬೋರ್‌ವೆಲ್ಲಾ ಎಂದು ನೋಡಿಕೊಳ್ಳಿ.

ಓಡಾಟದಲ್ಲಿ ಒಂದು ಸೂಕ್ಷ್ಮ ಇದೆ. ಮಂಗಳೂರಿನ ಸಿಟಿ ಬಸ್ಸುಗಳು ಬಹುತೇಕ ಖಾಸಗಿಯವು. ಬಸ್ಸು ಬೇಕಾದಷ್ಟಿವೆ, ಕಾಯುವ ಕೆಲಸ ಇಲ್ಲ. ಆದರೆ 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಿಮಗೆ ಅದು ಮುಖ್ಯವಲ್ಲದಿರಬಹುದು. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳಿಗೆ ಅದು ಸಂಬಳದಷ್ಟೇ ಮುಖ್ಯ. ಮಂಗಳೂರಿನ ಭಾವನವರ ಹೆಂಡತಿ, ನಮ್ಮ ಅಕ್ಕ, ಅದನ್ನು ಲೆಕ್ಕಕ್ಕಿಟ್ಟುಕೊಂಡು ಬಸ್ ಚಾರ್ಜು ಸೇರಿಸಿ ಕೊಡುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳಿವೆ, ಅವಕ್ಕೆ ಅವುಗಳದ್ದೇ ದಾರಿ. ಬಸ್ಸುಗಳು ಈಗ ಹಳೆಯವಾಗಿವೆ, ದಾರಿ ಮಾತ್ರ ಈಗಲೂ ವರದಾನ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಅನ್ನುವವರು ಸಾವಿರಾರು ಜನ.

ಮೂರೂ ಊರಿಗೆ ಅದರದ್ದೇ ಬದುಕು ಇದೆ. ಹುಬ್ಬಳ್ಳಿ ವ್ಯಾಪಾರದ ಊರು, ರೈಲ್ವೆಯ ಊರು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ. ಧಾರವಾಡದಲ್ಲಿ ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯ, ಐಐಟಿ. ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಸಂಜೆ ಚಹಾ ಅಂಗಡಿ ಮುಂದೆ ನಿಂತರೆ ಅವರದ್ದೇ ಮಾತು, ಯಾವ ಹುದ್ದೆಗೆ ಯಾವಾಗ ಅರ್ಜಿ ಅಂತ. ನನಗೆ ಈ ಊರಿನ ಬಗ್ಗೆ ಬಹಳ ಅಭಿಮಾನ. ಮಂಗಳೂರು ಬಂದರು, ಬ್ಯಾಂಕು, ಕಾಲೇಜುಗಳ ಮೇಲೆ ನಿಂತ ಊರು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಆ ನೋವು ಭಾವನವರ ಮನೆಯಲ್ಲಿ ಈಗಲೂ ಇದೆ, ಅವರು ಬ್ಯಾಂಕಿನವರೇ. ಬೀದಿಯಲ್ಲಿ ತುಳು ಜಾಸ್ತಿ ಕೇಳಿಸುತ್ತದೆ, ಕನ್ನಡದಲ್ಲಿ ಮಾತಾಡಿದರೆ ಎಲ್ಲರೂ ಕನ್ನಡದಲ್ಲೇ ಉತ್ತರಿಸುತ್ತಾರೆ. ಸೆಖೆ ಮಾತ್ರ ನಿಮ್ಮ ಮಾವನಿಗೆ ಕಷ್ಟ ಆಗಬಹುದು. ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಏಸಿ ಇಲ್ಲದೆ ಆಗುವುದಿಲ್ಲ.

ಬೆಳಗಾವಿ, ಶಿವಮೊಗ್ಗ ಯಾಕಿಲ್ಲ ಅಂತ ಕೇಳುವವರಿರುತ್ತಾರೆ. ಎರಡೂ ಚೆಂದದ ಊರುಗಳೇ, ನಮ್ಮ ಮನೆಯವರಾರೂ ಅಲ್ಲಿ ಸಂಸಾರ ಮಾಡಿಲ್ಲ, ಹಾಗಾಗಿ ಬರೆದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ದಿನ ಆಫೀಸು ಇರುವವರೆಗೆ ಮೈಸೂರು. ಕಂಪನಿ ಪೂರ್ತಿ ಮನೆಯಿಂದಲೇ ಕೆಲಸ ಮಾಡಿ ಅಂತ ಬರೆದುಕೊಟ್ಟರೆ, ಈ ಕಡೆ ನಿಮ್ಮ ನಂಟರಿದ್ದರೆ, ಕಣ್ಣು ಮುಚ್ಚಿ ಧಾರವಾಡಕ್ಕೆ ಬನ್ನಿ ಅನ್ನುತ್ತೇನೆ. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದರೆ ಅದು ಸಾಲದು, ಮ್ಯಾನೇಜರ್ ಬದಲಾಗುತ್ತಾರೆ. ಯಾವ ಊರಾದರೂ ಮೊದಲ ವರ್ಷ ಬಾಡಿಗೆ ಮನೆ ಇರಲಿ, ಸೈಟು ತೋರಿಸುವವರಿಗೆ ಈಗಲೇ ಮುಂಗಡ ಕೊಡಬೇಡಿ. ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದರೆ ಮಾರಬೇಡಿ. ಮನೆ ನೋಡಲು ಹೋಗುವುದಾದರೆ ಊರಿನ ಕಷ್ಟದ ತಿಂಗಳಲ್ಲಿ ಹೋಗಿ: ಮಂಗಳೂರಿಗೆ ಜುಲೈ, ಹುಬ್ಬಳ್ಳಿ-ಧಾರವಾಡಕ್ಕೆ ಏಪ್ರಿಲ್. ಮೈಸೂರಿಗೆ ದಸರಾ ಹೊತ್ತಲ್ಲದೆ ಯಾವಾಗಲಾದರೂ ಸರಿ, ದಸರಾದಲ್ಲಿ ಊರಿನ ನಿಜವಾದ ಟ್ರಾಫಿಕ್ಕೂ ಬಾಡಿಗೆಯೂ ಗೊತ್ತಾಗುವುದಿಲ್ಲ.

ಮಗಳ ಸ್ಕೂಲಿಗೆ ಈಗಲೇ ಫೋನ್ ಮಾಡಲು ಶುರು ಮಾಡಿ, ಬೇಡಿಕೆ ಇರುವ ಶಾಲೆಗಳಲ್ಲಿ ಬೇಸಿಗೆ ರಜೆಗೆ ಮುಂಚೆಯೇ ಸೀಟು ಮುಗಿದಿರುತ್ತವೆ. ನಿಮ್ಮಿಬ್ಬರ ಆಫೀಸು ಬೆಂಗಳೂರಿನ ಯಾವ ಕಡೆ ಇದೆ ಅಂತ ಬರೆದರೆ, ತಂಗಿಯ ಗಂಡನನ್ನು ಕೇಳಿ ಯಾವ ರೈಲು ಹೊಂದುತ್ತದೆ ಅಂತ ತಿಳಿಸುತ್ತೇನೆ.