ಅಮೆರಿಕದಲ್ಲಿ ಸಂಘ ಕಟ್ಟುವ ಹಕ್ಕು ಬಂದ ಮೇಲೂ ಕಾರ್ಮಿಕ ಸಂಘಗಳು ಕುಗ್ಗಿದ್ದೇಕೆ?

ಪ್ರಶ್ನೆ:
ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಅಂದರೆ ಉಕ್ಕಿನ ಉದ್ಯಮಿ ಕಾರ್ನೆಗಿ, ತೈಲ ಉದ್ಯಮಿ ರಾಕ್‌ಫೆಲರ್ ಅವರ ಕಾಲದ ಅಮೆರಿಕದಲ್ಲಿ ಸಂಪತ್ತು ಕೆಲವೇ ಜನರ ಕೈಯಲ್ಲಿತ್ತು. ಇಂದಿನ ಸ್ಥಿತಿಯೂ ಅದನ್ನೇ ನೆನಪಿಸುತ್ತದೆ. ಆಗ ಸಂಘ ಕಟ್ಟಿದವರು ಗುಂಡಿಗೆ ಎದೆಯೊಡ್ಡಬೇಕಿತ್ತು, ಈಗ ಅದು ಕಾನೂನು ಕೊಟ್ಟಿರುವ ಹಕ್ಕು. ಆದರೂ 1950ರ ದಶಕದಲ್ಲಿ ನೌಕರರ ಪೈಕಿ ಸುಮಾರು ಮೂರನೇ ಒಂದು ಭಾಗದಷ್ಟಿದ್ದ ಸಂಘಗಳ ಸದಸ್ಯತ್ವ ಈಗ ಶೇಕಡ 10ರ ಆಸುಪಾಸಿಗೆ ಇಳಿದಿದೆ. ಕಾರ್ಖಾನೆಗಳು ಹೊರದೇಶಗಳಿಗೆ ಹೋದದ್ದೊಂದೇ ಇದಕ್ಕೆ ಕಾರಣವೇ?

ಉತ್ತರ 1:
ಅದು ಒಂದು ಕಾರಣ ನಿಜ, ಆದರೆ ಸರ್ಕಾರ ಯಾರ ಬೆನ್ನಿಗೆ ನಿಂತಿತು ಎಂಬುದು ಅದಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. 1892ರಲ್ಲಿ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್‌ನಲ್ಲಿದ್ದ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತವನ್ನು ಒಪ್ಪದ ಕಾರ್ಮಿಕರನ್ನು ಅದರ ಆಡಳಿತ ನೋಡಿಕೊಳ್ಳುತ್ತಿದ್ದ ಹೆನ್ರಿ ಫ್ರಿಕ್ ಲಾಕೌಟ್ (ಬೀಗಮುದ್ರೆ) ಘೋಷಿಸಿ ಹೊರಗಿಟ್ಟು, ಪಿಂಕರ್ಟನ್ ಎಂಬ ಖಾಸಗಿ ಕಾವಲು ಸಂಸ್ಥೆಯ ಸುಮಾರು 300 ಸಶಸ್ತ್ರ ಕಾವಲುಗಾರರನ್ನು ನದಿಯ ಮಾರ್ಗವಾಗಿ ಕರೆಸಿದ. ಎರಡೂ ಕಡೆ ಸಾವುಗಳಾದವು, ಕಾವಲುಗಾರರು ಶರಣಾದರು. ಆದರೆ ಆ ಬಳಿಕ ಗವರ್ನರ್ ಕಳುಹಿಸಿದ ಸಾವಿರಾರು ಸೈನಿಕರ ರಕ್ಷಣೆಯಲ್ಲಿ ಹೊಸಬರು ಕೆಲಸಕ್ಕೆ ಸೇರಿದರು, ಸಂಘ ನೆಲಕಚ್ಚಿತು. 1936–37ರಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರ್ಮಿಕರು ಕಾರ್ಖಾನೆಯೊಳಗೇ 44 ದಿನ ಧರಣಿ ಕುಳಿತಾಗಲೂ ಸೈನಿಕರು ಬಂದಿದ್ದರು. ಆದರೆ ಗವರ್ನರ್ ಫ್ರಾಂಕ್ ಮರ್ಫಿ ಧರಣಿನಿರತರನ್ನು ತೆರವುಗೊಳಿಸಲು ಅವರನ್ನು ಬಳಸಲಿಲ್ಲ. ಕಂಪನಿ ಸಂಘಕ್ಕೆ ಮಾನ್ಯತೆ ಕೊಡಬೇಕಾಯಿತು. ಹೋಮ್‌ಸ್ಟೆಡ್‌ನವರಿಗೆ ಧೈರ್ಯವೇನೂ ಕಡಿಮೆಯಿರಲಿಲ್ಲ, ವ್ಯತ್ಯಾಸವಿದ್ದದ್ದು ಸರ್ಕಾರದ ನಿಲುವಿನಲ್ಲಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಆ ಹಕ್ಕು ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯಿದೆ ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳ ಕರಿಯ ದುಡಿಮೆಗಾರರಲ್ಲಿ ಬಹಳಷ್ಟು ಜನ ಇದ್ದದ್ದು ಈ ಕೆಲಸಗಳಲ್ಲೇ. 1947ರಲ್ಲಿ ಅಧ್ಯಕ್ಷ ಟ್ರೂಮನ್ ತಿರಸ್ಕರಿಸಿದರೂ ಸಂಸತ್ತು ಜಾರಿಗೆ ತಂದ ಟಾಫ್ಟ್–ಹಾರ್ಟ್ಲಿ ಕಾಯಿದೆಯು, ಸಂಘದ ಸದಸ್ಯತ್ವವನ್ನು ಕೆಲಸದ ಷರತ್ತಾಗಿಸುವ ಒಪ್ಪಂದಗಳನ್ನು ನಿಷೇಧಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು.

ಉತ್ತರ 3:
ಇಂದಿನ ತೊಡಕು ಇನ್ನೂ ಸೂಕ್ಷ್ಮವಾದದ್ದು. ಸಂಘ ಕಟ್ಟಿದ್ದಕ್ಕಾಗಿ ಕೆಲಸದಿಂದ ತೆಗೆದುಹಾಕಲ್ಪಟ್ಟವನು ದೂರು ಕೊಟ್ಟು ಗೆದ್ದರೂ ವ್ಯಾಗ್ನರ್ ಕಾಯಿದೆಯಡಿ ಕಂಪನಿಗೆ ದಂಡ ಬೀಳುವುದಿಲ್ಲ. ಅವನಿಗೆ ಕೆಲಸವೂ ಬಾಕಿ ವೇತನವೂ ದೊರೆಯುತ್ತವೆ, ಅದರಲ್ಲೂ ಆ ಅವಧಿಯಲ್ಲಿ ಬೇರೆಡೆ ದುಡಿದ ಹಣವನ್ನು ಕಳೆಯಲಾಗುತ್ತದೆ. ಮುಷ್ಕರ ಹೂಡಿದವರ ಜಾಗಕ್ಕೆ ಶಾಶ್ವತವಾಗಿ ಬೇರೆಯವರನ್ನು ನೇಮಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 1938ರಲ್ಲೇ ಹೇಳಿತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ವಜಾ ಮಾಡಿದ ಮೇಲೆ ಖಾಸಗಿ ಕಂಪನಿಗಳು ಹಿಂಜರಿಕೆಯಿಲ್ಲದೆ ಈ ದಾರಿ ಹಿಡಿದವು. 2022ರಲ್ಲಿ ನ್ಯೂಯಾರ್ಕಿನ ಸ್ಟ್ಯಾಟನ್ ಐಲ್ಯಾಂಡ್‌ನಲ್ಲಿ ಅಮೆಜಾನ್ ಗೋದಾಮಿನ ಕಾರ್ಮಿಕರು ಸಂಘ ಬೇಕೇ ಎಂಬ ಮತದಾನದಲ್ಲಿ ಗೆದ್ದರು, ಆದರೆ ಎರಡು ವರ್ಷ ಕಳೆದರೂ ಕಂಪನಿಯೊಂದಿಗೆ ಒಪ್ಪಂದವಾಗಿರಲಿಲ್ಲ. ಕಂಪನಿ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕೆಂದು ಕಾನೂನು ಹೇಳುತ್ತದೆಯೇ ಹೊರತು ಒಪ್ಪಂದಕ್ಕೆ ಬರಲೇಬೇಕೆಂದು ಹೇಳುವುದಿಲ್ಲ. ಗೋದಾಮುಗಳಂಥ ಕಡೆ ಜನ ಬಹುಬೇಗ ಕೆಲಸ ಬಿಟ್ಟುಹೋಗುವುದರಿಂದ, ಕಾಲ ತಳ್ಳಿದಷ್ಟೂ ಲಾಭ ಕಂಪನಿಗೇ.